ಕಾಗದದ ಹೆಸರು

ಮುಂದೆ ಹತ್ತುತ್ತಿದ್ದ ಕಾಕೋ ಮಾಮನ ಹಿಮ್ಮಡಿಗಳ ಮೇಲೆ ಕಣ್ಣಿಟ್ಟುಕೊಂಡೇ ವರ್ನೆಟ್ ಹೆಜ್ಜೆ ಹಾಕುತ್ತಿದ್ದಳು. ತಲೆಯೆತ್ತಿದರೆ ಅವನ ಬೆನ್ನು ಕಾಣುತ್ತಿತ್ತು. ಬೆನ್ನಿನ ಮೇಲೆ ನೀಲಿ ಅಂಗಿ. ಅಂಗಿಯ ಮೇಲೆ ಬಿಳಿ ಅಕ್ಷರಗಳಲ್ಲಿ 'ಬೇಗ ತಿಳಿಯಿರಿ, ಬಹುಕಾಲ ಬಾಳಿರಿ'. ಆ ಸಾಲನ್ನು ಬರೆದವಳು ಅವಳೇ. ಹೋದ ವರ್ಷ ನರ್ಸ್ ಡೆಲ್ಫಿನ್ ಒಂದು ಖಾಲಿ ಚೀಟಿ ಕೊಟ್ಟು, "ಈ ಆರೋಗ್ಯ ಕೇಂದ್ರದಲ್ಲಿ ಕಾಲೇಜು ಓದಿದೋಳು ನೀನೊಬ್ಳೇ, ಗಂಡಸರ ಎದೆಗೆ ನಾಟೋ ಹಾಗೆ ಒಂದು ಸಾಲು ಬರ್ಕೊಡು" ಎಂದಾಗ, ದಿನಚರಿಯ ನಾಲ್ಕು ಪುಟ ಹಾಳು ಮಾಡಿ ಅದನ್ನು ಹೊಸೆದುಕೊಟ್ಟಿದ್ದಳು. ಈ ನವೆಂಬರಿನ ಪ್ರಾಸ್ಟೇಟ್ ಕ್ಯಾನ್ಸರ್ ಜಾಗೃತಿ ನಡಿಗೆಗೂ ಅದೇ ಅಚ್ಚು, ಅದೇ ನೀಲಿ. ಮೂವತ್ತೆಂಟು ಬೆನ್ನುಗಳ ಮೇಲೆ ಅವಳ ಸಾಲು ದೊಡ್ಡ ಪಿಟೋನ್ ಬೆಟ್ಟವನ್ನು ಹತ್ತುತ್ತಿತ್ತು. ಹೀಗಾಗಿ ಹಿಮ್ಮಡಿಗಳೇ ವಾಸಿ. ಆದರೆ ಹಿಮ್ಮಡಿಗಳೂ ಇವತ್ತು ಗುರುತಿನವಾಗಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಈ ಬೆಟ್ಟಕ್ಕೆ ದಾರಿ ತೋರಿಸುವಾಗ ಕಾಕೋ ಮಾಮ ಹಾಕಿದ್ದು ಕಣಕಾಲಿನವರೆಗೆ ಕತ್ತರಿಸಿದ ಕಪ್ಪು ರಬ್ಬರ್ ಬೂಟು. ಇವತ್ತು ನಡಿಗೆಯ ಸಮಿತಿಯವರು ಕೊಟ್ಟ ಬಿಳಿ ಬೂಟುಗಳು, ಆಸ್ಪತ್ರೆಯ ಗೋಡೆಯಂತೆ ಬಿಳಿ. ಮಳೆಗೆ ನೆನೆದ ಮೆಟ್ಟಿಲಿನ ಕೆಸರು ಅವಕ್ಕೆ ಮೆತ್ತಿಕೊಂಡಷ್ಟೂ ಅವಳಿಗೆ ಸಮಾಧಾನವಾಗುತ್ತಿತ್ತು.

ಕೆಳಗೆ ಮಾವಿನ ಮರದಡಿ ಎಲ್ಲರೂ ಕರಿದ ರೊಟ್ಟಿ, ಉಪ್ಪುಮೀನು ತಿಂದು, ಕೋಕೋ ಚಹಾ ಕುಡಿದು ಎದ್ದಾಗ, ಇವತ್ತಿನ ಗೈಡ್ ಸೆನೋವಿಯಾ ಬಂದು ಅವನ ತೋಳು ಹಿಡಿದಿದ್ದಳು. "ಕಾಕೋ ಮಾಮ, ನೀನು ನನ್ನ ಹಿಂದೇನೇ ಇರು. ಸುಸ್ತಾದ್ರೆ ಬಾಯಿ ಬಿಟ್ಟು ಹೇಳು, ಆಯ್ತಾ?"

"ನಿನಗೆ ಈ ಬೆಟ್ಟದ ಮೊದಲ್ನೇ ಮೆಟ್ಲು ತೋರ್ಸಿದ್ದು ಯಾರೇ?"

"ನೀನೇ. ಅತಿಥಿ ಗೈಡಿಗಿಂತ ಮುಂದೆ ಕಾಲಿಡಬಾರದು ಅಂತ ಹೇಳ್ಕೊಟ್ಟಿದ್ದೂ ನೀನೇ."

ಎಲ್ಲರೂ ನಕ್ಕರು. ಕಾಕೋ ಮಾಮನೂ ನಕ್ಕ, ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ. ಅತಿಥಿ ಎಂಬ ಮಾತು ಅವನ ಮುಖದ ಮೇಲೆ ಹಾದುಹೋದದ್ದನ್ನು ವರ್ನೆಟ್ ನೋಡಿದಳು, ನೋಡಿದ್ದಕ್ಕೆ ನಾಚಿದಳು. ಅವಳ ಚೀಲದಲ್ಲಿ ನೀರಿನ ಸೀಸೆ, ಒಂದು ಟವೆಲು, ದಿನಚರಿ. ದಿನಚರಿಯೊಳಗೆ ಒಡೆಯದ ಲಕೋಟೆ. ಇವತ್ತು ಕೊಟ್ಟುಬಿಡಬೇಕು. ಕಾಲುಭಾಗ ಹತ್ತಿದ ಮೇಲೆ ಕೊಡುವುದು ಎಂದು ಹೊರಡುವಾಗ ಅಂದುಕೊಂಡಳು. ಕಾಲುಭಾಗ ಬರುವ ಹೊತ್ತಿಗೆ, ಅರ್ಧದಲ್ಲಿ ಎಂದುಕೊಂಡಳು.

ಅವರ ಊರಿನಲ್ಲಿ ಎಲ್ಲರಿಗೂ ಎರಡು ಹೆಸರು. ಮನೆಯಲ್ಲಿ ಕರೆಯುವುದೊಂದು, ಕಾಗದದಲ್ಲಿ ಬರೆಯುವುದೊಂದು. ಕಾಗದದ ಹೆಸರು ಹುಟ್ಟಿದಾಗ ಒಮ್ಮೆ, ಮದುವೆಯಾದರೆ ಒಮ್ಮೆ, ಸತ್ತಾಗ ರೇಡಿಯೊದಲ್ಲಿ ಒಮ್ಮೆ ಹೊರಬರುತ್ತದೆ. ರೇಡಿಯೊದವರು 'ಊರಲ್ಲಿ ಇಂಥ ಹೆಸರಿನಿಂದ ಪರಿಚಿತರಾದ' ಎಂದು ಸೇರಿಸದೇ ಹೋದರೆ ಸತ್ತವರು ಯಾರೆಂದು ಪಕ್ಕದ ಮನೆಯವರಿಗೇ ತಿಳಿಯದು. ವರ್ನೆಟ್‌ಗೆ ಮುಂಚೆ ಆರೋಗ್ಯ ಕೇಂದ್ರದ ಕಿಟಕಿಯಲ್ಲಿ ಕೂರುತ್ತಿದ್ದ ಮಾ ಯುಡಾಕ್ಸಿ ಇದನ್ನೆಲ್ಲ ಅರೆದು ಕುಡಿದವಳು. ಪ್ರಯೋಗಾಲಯದಿಂದ ಲಕೋಟೆಗಳು ಬಂದ ದಿನ ಸೊಂಟಕ್ಕೆ ಕೈಯಿಟ್ಟು ಜಗಲಿಗೆ ಬಂದು, "ಯಾರಪ್ಪಾ ಇದು ಅನಸ್ತಾಸ್? ಯಾರ ಮಗ? ಬಾಯಿ ಬಿಡಿ!" ಎಂದು ಕೂಗುತ್ತಿದ್ದಳು. ಬೆಂಚಿನಲ್ಲಿ ಕೂತವರು ತಮ್ಮತಮ್ಮಲ್ಲೇ ಚರ್ಚೆ ಮಾಡಿ, ಕಡೆಗೆ ಯಾರೋ, "ಅಯ್ಯೋ ಅದು ನಮ್ಮ ಬೊಬೋಲ್ ಅಲ್ವಾ!" ಎನ್ನುತ್ತಿದ್ದರು. ಅಲ್ಲೂ ಗೊತ್ತಾಗದಿದ್ದರೆ ಮೀನು ಮಾರುವಲ್ಲಿಗೆ ಹೋಗಿ ಕೂಗುತ್ತಿದ್ದಳು. ನಿವೃತ್ತಿಯ ದಿನ ಕಿಟಕಿಯ ಬೀಗದಕೈ ಕೊಡುತ್ತ ಅವಳು ಹೇಳಿದ್ದು ಒಂದೇ ಮಾತು: "ಪಟ್ಟಿ ನೋಡ್ಕೊಂಡು ಕೂತ್ಕೋಬೇಡ ಮಗಾ. ಕೂಗು."

ಕೂಗಲಿಲ್ಲ. ಅಷ್ಟೇ ನಡೆದದ್ದು. ಹೋದ ಡಿಸೆಂಬರಿನಲ್ಲಿ, ಕಿಟಕಿಯ ಕೆಲಸಕ್ಕೆ ಸೇರಿ ಆರು ವಾರವಾಗಿದ್ದಾಗ, 'ಫಿಲಿಬರ್ಟ್ ಹಿಪೊಲಿಟ್' ಎಂಬ ಲಕೋಟೆಯನ್ನು ಹಿಡಿದು ಎರಡು ಸಲ ಜಗಲಿಯ ಬಾಗಿಲವರೆಗೆ ಹೋಗಿದ್ದಳು. ಬೆಂಚಿನಲ್ಲಿದ್ದವರೆಲ್ಲ ಒಟ್ಟಿಗೆ ಅವಳ ಕಡೆ ತಿರುಗಿದ್ದರು. ಅಷ್ಟು ಕಣ್ಣುಗಳು. ಏನೋ ಮರೆತವಳಂತೆ ಹಣೆ ಮುಟ್ಟಿಕೊಂಡು ಒಳಗೆ ಬಂದಿದ್ದಳು. ಹಿಪೊಲಿಟ್ ಮನೆತನದವರು ಆಚೆ ಊರಿನಲ್ಲಿ ತುಂಬ ಜನ. ಅವರೊಳಗೆ ಯಾರೋ ಇರಬೇಕು, ಬೇಕಾದವನು ತಾನೇ ಬಂದು ಕೇಳುತ್ತಾನೆ. ಮೇಜಿನ ಕೆಳಗಿನ ಖಾನೆಗೆ ಲಕೋಟೆ ಹೋಯಿತು. ಕಾಲಿನಿಂದ ಖಾನೆ ಮುಚ್ಚಿದ್ದು ಕೂಡ ಅವಳಿಗೆ ನೆನಪಿದೆ. ಅಂದು ಸಂಜೆ ದಿನಚರಿಯಲ್ಲಿ ಬರೆದದ್ದು ಕಡಲಿನ ಬಣ್ಣದ ಬಗ್ಗೆ.

ಕಾಲುಭಾಗದ ಕಲ್ಲಿನ ಹತ್ತಿರ ಎಲ್ಲರೂ ಬೆಂಚಿನ ಮೇಲೆ ಕುಸಿದಿದ್ದರು. ಮಿನಿಬಸ್ ಓಡಿಸುವ ಆಗಸ್ಟಿನ್ ಅಂಗಿಯನ್ನು ಹೊಟ್ಟೆಯ ಮೇಲಕ್ಕೆ ಸುತ್ತಿಕೊಂಡು ಗಾಳಿ ಹಾಕಿಕೊಳ್ಳುತ್ತ, "ನರ್ಸಮ್ಮ, ಬೇಕಾದ್ರೆ ಈ ಬೆಟ್ಟ ಹತ್ತು ಸಲ ಹತ್ಸಿ. ಆ ಬೆರಳಿನ ಪರೀಕ್ಷೆ ಮಾತ್ರ ನಂಗೆ ಬೇಡ" ಎಂದ.

"ಯಾಕಪ್ಪ, ನಿನ್ನ ಗಂಡಸ್ತನ ಅಷ್ಟು ಸಣ್ಣ ಜಾಗದಲ್ಲಿ ಇಟ್ಕೊಂಡಿದ್ದೀಯಾ?" ಎಂದಳು ನರ್ಸ್ ಡೆಲ್ಫಿನ್.

ಹೆಂಗಸರು ಕಿರುಚಿ ನಕ್ಕರು. ಕಾಕೋ ಮಾಮ ಮರಕ್ಕೆ ಒರಗಿ ನಿಂತಿದ್ದವನು, "ಕೇಳೋ ಆಗಸ್ಟಿನ್. ಬೆರಳು ಅರ್ಧ ನಿಮಿಷ, ಬೆಟ್ಟ ಮೂರು ಗಂಟೆ. ಎರಡೂ ನೋಡಿದೋನು ಹೇಳ್ತಿದೀನಿ, ಬೆರಳೇ ಸುಲಭ. ಬೆರಳಿಗೆ ಬೂಟು ಬೇಕಾಗಲ್ಲ" ಎಂದ. ನಗು ಇನ್ನೊಂದು ಸುತ್ತು ಎದ್ದಿತು. ಆ ನಗುವಿನ ಮರೆಯಲ್ಲಿ ಅವನು ಮೆಲ್ಲಗೆ ಜಾರಿಕೊಂಡು ಬಂಡೆಯ ಹಿಂದಿನ ಪೊದೆಗೆ ಹೋದದ್ದನ್ನು ವರ್ನೆಟ್ ಒಬ್ಬಳೇ ಕಂಡಳು. ಹೊರಟ ಮೇಲೆ ಇದು ಮೂರನೆಯ ಸಲ. ತಿರುಗಿ ಬರುವಾಗ ಮಳೆಯಂಗಿಯನ್ನು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಿದ್ದ, ಗಂಟು ಹಿಂದಕ್ಕೆ, ಬಟ್ಟೆ ಮುಂದಕ್ಕೆ. ಮಳೆ ನಿಂತಿರಲಿಲ್ಲ. ಅವಳು ಚೀಲದಲ್ಲಿನ ಟವೆಲನ್ನು ಮುಟ್ಟಿದಳು. ಕೊಟ್ಟರೆ ತನಗೆ ಗೊತ್ತು ಎಂದಾಗುತ್ತದೆ, ಕೊಡದಿದ್ದರೆ ಅವನು ನೆನೆದೇ ಹತ್ತಬೇಕು. ಸೆನೋವಿಯಾ ದೂರದಿಂದ, "ಮಾಮ, ಮಳೇಲಿ ಮಳೆಯಂಗಿ ಬಿಚ್ಚೋರನ್ನ ಇವತ್ತೇ ನೋಡಿದ್ದು!" ಎಂದು ಕೂಗಿದಳು. "ಸೆಕೆ ಕಣೇ" ಎಂದ ಅವನು. ಟವೆಲು ಚೀಲದಲ್ಲೇ ಉಳಿಯಿತು.

ಅರ್ಧದಿಂದ ಆಚೆಗೆ ಬೆಟ್ಟ ಎದ್ದು ನಿಲ್ಲುತ್ತದೆ. ಮೊಣಕಾಲು ಎದೆಗೆ ಬರುವಂಥ ಮೆಟ್ಟಿಲುಗಳು, ಹಿಡಿದು ಹಿಡಿದು ನುಣುಪಾದ ಕೊಂಬೆಯ ಕಟಕಟೆ, ಕೆಳಗಿನಿಂದ ಬರುವ ಒದ್ದೆ ಎಲೆಗಳ ವಾಸನೆ. ಕಾಕೋ ಮಾಮನ ಉಸಿರು ಈಗ ಕೇಳಿಸುತ್ತಿತ್ತು. ಈ ಉಸಿರು ಅವಳಿಗೆ ಗೊತ್ತಿತ್ತು. ಏಳು ವರ್ಷದವಳಿದ್ದಾಗ ಇದಕ್ಕೆ ಕಿವಿಯಿಟ್ಟು ಮಲಗಿದ್ದಳು. ಮಳೆಗೆ ರಸ್ತೆ ಕೊಚ್ಚಿಹೋಗಿ, ಅಮ್ಮ ಪಟ್ಟಣದಲ್ಲಿ ಸಿಕ್ಕಿಕೊಂಡು, ಜ್ವರ ಏರಿದ್ದ ಅವಳನ್ನು ಪಕ್ಕದ ಮನೆಯ ಕಾಕೋ ಮಾಮ ಬೆನ್ನಿಗೆ ಹಾಕಿಕೊಂಡು ತೊರೆಯಲ್ಲಿ ನಡೆದು ಆರೋಗ್ಯ ಕೇಂದ್ರಕ್ಕೆ ತಂದಿದ್ದ. ನೀರು ಅವನ ತೊಡೆಯವರೆಗೆ. "ಮಲಗ್ಬೇಡ ಡೂಡೂ, ಮಾತಾಡು, ಏನಾದ್ರೂ ಮಾತಾಡು" ಎನ್ನುತ್ತಿದ್ದ; ಡೂಡೂ ಎಂಬುದು ಅವನ ಮುದ್ದಿನ ಕರೆ. ಆಗಲೂ ಅವಳು ಮಾತಾಡಿರಲಿಲ್ಲ. ಜಗಲಿಯ ಮೇಲೆ ನಿಂತು, ಮೈಯಿಂದ ನೀರು ಸುರಿಯುತ್ತ, ಅವಳ ಹೆಸರನ್ನು, ಕಾಗದದ ಹೆಸರನ್ನೂ ಮನೆಯ ಹೆಸರನ್ನೂ ಸೇರಿಸಿ, ಊರಿಗೆಲ್ಲ ಕೇಳುವಂತೆ ಕೂಗಿದವನು ಅವನು. ಅವನಿಗೆ ಅವಳ ಎರಡು ಹೆಸರೂ ಗೊತ್ತಿತ್ತು. ಅವನಿಗೆ ಇನ್ನೊಂದು ಹೆಸರಿರಬಹುದೆಂದು ಇಪ್ಪತ್ನಾಲ್ಕು ವರ್ಷ ಅವಳಿಗೆ ಹೊಳೆದಿರಲಿಲ್ಲ. ಬೆಟ್ಟಕ್ಕೊಂದು ಕಾಗದದ ಹೆಸರು ಇರುತ್ತದೆಯೇ, ಹಾಗೆ.

ಹೊಳೆದದ್ದು ಈ ಆಗಸ್ಟ್ ತಿಂಗಳಲ್ಲಿ. ಸೊಂಟ ನೋವೆಂದು ಬಂದವನಿಗೆ ಹೊಸ ಕಾರ್ಡು ಮಾಡುವಂತೆ ನರ್ಸ್ ಡೆಲ್ಫಿನ್ ಹೇಳಿದಳು. "ಏನಂತ ಬರೀಲಿ ಮಾಮ, ಕಾಕೋ ಅಂತಲೇ?" ಎಂದು ವರ್ನೆಟ್ ಅಪರೂಪಕ್ಕೆ ತಮಾಷೆ ಮಾಡಿದಳು. ಅವನು ಜೇಬಿನಿಂದ ಗುರುತಿನ ಚೀಟಿ ತೆಗೆದು, ನಾಚಿಕೊಂಡು, ಯಾರದೋ ಹಳೆಯ ಫೋಟೊ ತೋರಿಸುವಂತೆ ಕಿಟಕಿಯಲ್ಲಿ ಇಟ್ಟ. ಅವಳ ಪೆನ್ನು 'ಫಿ' ಬರೆದು ನಿಂತಿತು. ಆಮೇಲೆ ಎಲ್ಲವೂ ಒಂದರ ಹಿಂದೊಂದು: ದೊಡ್ಡಾಸ್ಪತ್ರೆ, ಚೂರು ತೆಗೆದು ನೋಡಿದ್ದು, ಸೊಂಟದ ಮೂಳೆಯಲ್ಲಿ ಎರಡು ಚುಕ್ಕೆ, ಮೂರು ತಿಂಗಳಿಗೊಂದು ಸೂಜಿ. ವರ್ಷದ ಮೊದಲೇ ಬಂದಿದ್ದರೆ ಗ್ರಂಥಿಯನ್ನೇ ತೆಗೆದು ಮುಗಿಸಬಹುದಿತ್ತೋ ಏನೋ ಎಂದರಂತೆ ಅಲ್ಲಿನ ಡಾಕ್ಟರು. ಆ 'ಏನೋ' ಎಂಬುದನ್ನು ಅವಳು ಎಷ್ಟು ಸಲ ತಿರುಗಿಸಿ ನೋಡಿದ್ದಳು! ಒಮ್ಮೆ ಅದು ಅವಳನ್ನು ಬಿಡುಗಡೆ ಮಾಡುತ್ತಿತ್ತು, ಮರುಕ್ಷಣ ಹಿಡಿದು ಕಟ್ಟುತ್ತಿತ್ತು. ಹೋದ ವರ್ಷದ ನಡಿಗೆಯ ದಿನ ಮಾವಿನ ಮರದಡಿ ರಕ್ತ ತೆಗೆಯುವಾಗ ನರ್ಸ್ ಡೆಲ್ಫಿನ್ ಎಲ್ಲರಿಗೂ ಹೇಳಿದ್ದಳು: "ಕೆಟ್ಟದಿದ್ರೆ ಮಾತ್ರ ಕಾಗದ ಬರುತ್ತೆ. ಬರಲಿಲ್ಲ ಅಂದ್ರೆ ಹಾಯಾಗಿರಿ." ಕಾಕೋ ಮಾಮ ಎಂಟು ತಿಂಗಳು ಹಾಯಾಗಿದ್ದ. "ನಂಗೆ ಕಾಗದ ಬರಲಿಲ್ಲ!" ಎಂದು ಡಾಮಿನೊ ಮೇಜಿನಲ್ಲಿ ಎದೆ ತಟ್ಟಿಕೊಳ್ಳುತ್ತಿದ್ದದ್ದು ಕಿಟಕಿಯವರೆಗೂ ಕೇಳುತ್ತಿತ್ತು. ಅವಳೂ ಕೇಳಿ ನಕ್ಕಿದ್ದಳು.

ತುದಿಯಲ್ಲಿ ಮೋಡ ಹರಿದು, ದಕ್ಷಿಣಕ್ಕೆ ಪಕ್ಕದ ದ್ವೀಪ ಮಸುಕಾಗಿ ಕಂಡಿತು. ಎಲ್ಲರೂ ಬಂಡೆ ಹತ್ತಿ ಫೋಟೊ ತೆಗೆಸಿಕೊಂಡರು. "ಕಾಕೋ ಎರಡು ಮಾತು ಹೇಳ್ಬೇಕು" ಎಂದಳು ನರ್ಸ್ ಡೆಲ್ಫಿನ್, ಚಪ್ಪಾಳೆ ಬಿತ್ತು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. ಸೂಜಿ ಶುರುವಾದ ಮೇಲೆ ಅವನ ಮುಖ ಸ್ವಲ್ಪ ಊದಿ ಮೆತ್ತಗಾಗಿತ್ತು.

"ನಂಗೆ ಭಾಷಣ ಬರಲ್ಲ. ಹೋದ ಸಲ ನಾನೂ ರಕ್ತ ಕೊಟ್ಟೆ. ಕಾಗದ ಬರಲಿಲ್ಲ. ಬರಲಿಲ್ಲ ಅಂತ ಕುಣಿದೆ. ಅದಕ್ಕೇ ಹೇಳ್ತಿದೀನಿ, ಕಾಗದಕ್ಕೆ ಕಾಯ್ಬೇಡಿ. ನೀವೇ ಹೋಗಿ ಕೇಳಿ. ಅಷ್ಟೇ."

"ದಾರೀಲಿ ಎಲ್ಲೋ ಕಳೆದ್ಬಿಟ್ರು!" ಎಂದು ನರ್ಸ್ ಡೆಲ್ಫಿನ್ ಕೈ ಎತ್ತಿ ಹೇಳಿದಳು. "ನಮ್ಮ ವರ್ನೆಟ್ ಆಗಸ್ಟಿನಲ್ಲಿ ಎಲ್ಲ ಖಾನೆ ಜಾಲಾಡಿದ್ಲು, ಪಾಪ, ಅಳ್ತಾ ಹುಡುಕಿದ್ಲು." ಅಷ್ಟೂ ಮುಖಗಳು ಕನಿಕರದಿಂದ ಅವಳ ಕಡೆ ತಿರುಗಿದವು. ಯಾರೋ ಬೆನ್ನು ಸವರಿದರು. ಆ ಕೈ ಬೆನ್ನಿನ ಮೇಲೆ ಇದ್ದಷ್ಟು ಹೊತ್ತು ಅವಳು ಉಸಿರಾಡಲಿಲ್ಲ. ಅತ್ತದ್ದು ನಿಜ. ಹುಡುಕಿದ್ದು ಸುಳ್ಳು, ಮೊದಲು ತೆರೆದ ಖಾನೆಯಲ್ಲೇ ಸಿಕ್ಕಿತ್ತು.

ಉಳಿದವರು ಊಟದ ಡಬ್ಬಿ ಬಿಚ್ಚುವಾಗ ಕಾಕೋ ಮಾಮ ಪಕ್ಕದ ಕಲ್ಲಿನ ಮೇಲೆ ಒಬ್ಬನೇ ಕೂತು ಬೂಟಿನ ದಾರ ಸಡಿಲಿಸುತ್ತಿದ್ದ. ಅವಳು ಹೋಗಿ ಎದುರು ನಿಂತಳು. ಏನು ಹೇಳಬೇಕೆಂದು ದಿನಚರಿಯಲ್ಲಿ ಹನ್ನೊಂದು ಸಲ ಬರೆದಿದ್ದಳು, ಒಂದೂ ಬರಲಿಲ್ಲ. ಲಕೋಟೆ ತೆಗೆದು ಅವನ ತೊಡೆಯ ಮೇಲೆ ಇಟ್ಟಳು.

ಅವನಿಗೆ ಓದು ನಿಧಾನ. ತನ್ನ ಹೆಸರನ್ನು ಬೆರಳಿನಿಂದ ಓದಿದ. ಆಮೇಲೆ ಅಂಚೆಯ ಮುದ್ರೆಯ ತಾರೀಖಿಗೆ ಬೆರಳು ಬಂತು, ಅಲ್ಲೇ ನಿಂತಿತು.

"ಕೆಳಗಿನ ಖಾನೇಲಿತ್ತು ಮಾಮ. ನಾನೇ ಇಟ್ಟಿದ್ದು. ಕಳೆದಿರಲಿಲ್ಲ."

ಕೆಳಗೆಲ್ಲೋ ಚಿಕ್ಕ ಪಿಟೋನಿನ ಸುತ್ತ ಮೋಡ ಕಟ್ಟಿಕೊಳ್ಳುತ್ತಿತ್ತು. ಅವನು ಬಹಳ ಹೊತ್ತು ಅದನ್ನೇ ನೋಡಿದ. ಆಗಸ್ಟಿನ್ ಯಾರದೋ ಡಬ್ಬಿಯ ಬಾಳೆಕಾಯಿ ಕದ್ದು ಬೈಸಿಕೊಳ್ಳುತ್ತಿದ್ದ.

"ಗೊತ್ತಿತ್ತು ನಂಗೆ," ಎಂದ ಕಾಕೋ ಮಾಮ.

ಅವಳು ತಲೆಯೆತ್ತಿದಳು.

"ಡಿಸೆಂಬರಲ್ಲಿ ನೀನು ಜಗಲಿ ಮೇಲೆ ನಿಂತು ಕೂಗಿದೆಯಲ್ಲ, ಫಿಲಿಬರ್ಟ್ ಹಿಪೊಲಿಟ್ ಅಂತ, ನಾನು ಬಾದಾಮಿ ಮರದ ಕೆಳಗೇ ಇದ್ದೆ. ಹೆದರಿಕೆ ಆಯ್ತು, ಎದ್ದು ಹೋದೆ. ತಪ್ಪು ನಂದು. ನೀನ್ಯಾಕೆ ಇದನ್ನ ಹೊತ್ಕೊಂಡು ತಿರುಗ್ತೀಯ?"

ಎಷ್ಟು ಚೆನ್ನಾಗಿತ್ತು ಆ ದೃಶ್ಯ. ಜಗಲಿಯ ಮೇಲೆ ಗಟ್ಟಿಯಾಗಿ ಕೂಗುತ್ತಿರುವ ಒಬ್ಬ ವರ್ನೆಟ್, ಮರದ ಕೆಳಗಿನಿಂದ ತಲೆ ತಗ್ಗಿಸಿ ಎದ್ದು ಹೋಗುವ ಒಬ್ಬ ಮುದುಕ. ಅವನು ಅದನ್ನು ಈಗಷ್ಟೇ, ಈ ಕಲ್ಲಿನ ಮೇಲೆ ಕೂತು, ಅವಳಿಗಾಗಿ ಕಟ್ಟಿದ್ದ. ತೆಗೆದುಕೊಂಡು ಹಾಕಿಕೊಂಡರೆ ಸಾಕು, ಅಳತೆಗೆ ಸರಿಯಾಗಿ ಹೊಲಿದ ಅಂಗಿ. ಒಂದು ಕ್ಷಣ ಅವಳು ನಿಜಕ್ಕೂ ತೋಳು ಹಾಕಿದಳು, ಬೆಚ್ಚಗಿತ್ತು.

"ನಾನು ಕೂಗಲೇ ಇಲ್ಲ ಮಾಮ."

ಅವನು ಲಕೋಟೆಯನ್ನು ಮಗುಚಿ ಹಿಡಿದ.

"ಬಾಗಿಲವರೆಗೆ ಎರಡು ಸಲ ಬಂದೆ. ಎಲ್ಲರೂ ನನ್ನೇ ನೋಡಿದ್ರು. ನಾಚಿಕೆ ಆಯ್ತು. ಅಷ್ಟಕ್ಕೇ... ಅಷ್ಟಕ್ಕೇ ಮಾಮ."

ಅವನಿಗೆ ಸಿಟ್ಟು ಬಂದದ್ದನ್ನು ಅವಳು ಹಿಂದೆಂದೂ ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಅದು ಜೋರಾಗಿರಲಿಲ್ಲ, ಕಣ್ಣಿನ ಸುತ್ತ ಚರ್ಮ ಒಣಗಿದ ಹಾಗೆ ಅಷ್ಟೇ. "ಕೊಟ್ಟಿದ್ದನ್ನ ಇಸ್ಕೊಳ್ಳೋಕೂ ಬರಲ್ವಲ್ಲೇ ನಿಂಗೆ" ಎಂದ. ಲಕೋಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ಎಂಟು ತಿಂಗಳು. ಆ ಎಂಟು ತಿಂಗಳಲ್ಲಿ ಗೆಣಸು ಹಾಕಿ ಕಿತ್ತೆ. ಹೂವಿನ ಹಬ್ಬದಲ್ಲಿ ಬೆಳಗಾಗೋ ತನಕ ಕುಣಿದೆ. ನಲವತ್ತೆರಡು ಸಲ ಇಲ್ಲಿಗೆ ಹತ್ತಿ ಬಂದೆ, ಮುಂದೆ ನಿಂತು, ಯಾರ ಹಿಂದೆನೂ ಅಲ್ಲ. ಆವತ್ತೇ ಕಾಗದ ಕೈಗೆ ಬಂದಿದ್ರೆ ಅವ್ಯಾವ್ದೂ ಇರ್ತಿರಲಿಲ್ಲ. ಅದೂ ನಿನ್ನಿಂದಲೇ. ಇದೂ ನಿನ್ನಿಂದಲೇ." ಅವನು ಸೊಂಟ ಮುಟ್ಟಿಕೊಂಡ. "ಎರಡನ್ನೂ ಎಲ್ಲಿ ಇಡ್ಲಿ ಅಂತ ನಂಗೆ ಗೊತ್ತಾಗ್ತಿಲ್ಲ ಡೂಡೂ. ಸುಮ್ನಿರು ಸ್ವಲ್ಪ."

ಡೂಡೂ ಎಂದಿದ್ದ. ಅದನ್ನು ಹಿಡಿದುಕೊಂಡು ಅವಳು ಸುಮ್ಮನಿದ್ದಳು. ಅಳು ಬಂತು, ಆದರೆ ಆಗಸ್ಟಿನಲ್ಲಿ ಅತ್ತು ಕನಿಕರ ಗಳಿಸಿದ್ದು ನೆನಪಾಗಿ, ಕೆಳತುಟಿಯನ್ನು ಹಲ್ಲಿನಿಂದ ಹಿಡಿದಳು.

ಅಷ್ಟರಲ್ಲಿ ಸೆನೋವಿಯಾ ಸೀಟಿ ಊದಿದಳು. ಇಳಿಯಲು ನಿಧಾನವಾಗುವವರು ಮೊದಲು ಹೊರಡಬೇಕು, ಅದು ಬೆಟ್ಟದ ಕ್ರಮ. "ಕಾಕೋ ಮಾಮ, ನೀನು ನಡಿ. ನಾವು ಹತ್ತು ನಿಮಿಷ ಬಿಟ್ಟು ಬರ್ತೀವಿ. ಜೊತೆಗೆ ಯಾರು?" ಅವನು ಯಾರ ಹೆಸರನ್ನೂ ಹೇಳಲಿಲ್ಲ. ಎದ್ದು ಹೊರಟ. ವರ್ನೆಟ್ ನಾಲ್ಕು ಮೆಟ್ಟಿಲು ದೂರ ಬಿಟ್ಟು ಹಿಂದೆ ಇಳಿದಳು. ಬೇಡ ಎಂದರೆ ನಿಲ್ಲುವುದು, ಅನ್ನದಿದ್ದರೆ ಇಳಿಯುವುದು. ಅವನು ಒಮ್ಮೆಯೂ ತಿರುಗಲಿಲ್ಲ. ಹತ್ತುವಾಗ ಕಾಣದಿದ್ದ ಮುದಿತನ ಇಳಿಯುವಾಗ ಅವನ ಮೊಣಕಾಲುಗಳಲ್ಲಿ ಕಾಣುತ್ತಿತ್ತು. ಒಂದೊಂದು ಮೆಟ್ಟಿಲಿಗೂ ಕಾಲು ಗಾಳಿಯಲ್ಲಿ ತುಸು ನಡುಗಿ, ನೆಲ ಎಲ್ಲಿದೆಯೆಂದು ಕೇಳಿ, ಆಮೇಲೆ ಇಳಿಯುತ್ತಿತ್ತು. ಈ ಬೆಟ್ಟದ ನೆಲವನ್ನು ಆ ಕಾಲು ಕೇಳಬೇಕಾಗಿ ಬಂತಲ್ಲ. ನಾಲ್ಕು ಮೆಟ್ಟಿಲಿನ ದೂರ ಮೂರಾಯಿತು, ಎರಡಾಯಿತು.

ಬೇರುಗಳು ಮೆಟ್ಟಿಲಾಗಿರುವ ತಿರುವಿನಲ್ಲಿ ಅವನು ನಿಂತುಬಿಟ್ಟ.

"ಬಂತು," ಎಂದ, ಮುಂದೆಯೇ ನೋಡುತ್ತ. "ಆ ಪೊದೆವರೆಗೆ ಹೋಗೋಕಾಗಲ್ಲ. ಮೊಣಕಾಲು ಹೇಳಿದ ಮಾತು ಕೇಳ್ತಿಲ್ಲ."

"ಇಲ್ಲೇ ಮಾಡು ಮಾಮ."

"ಅವರು ಬರ್ತಾರೆ."

"ನಾನಿದೀನಿ."

ಅವನ ಬೆನ್ನು ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಸೊಂಟದ ಮಳೆಯಂಗಿ ಬಿಚ್ಚಿ, ತಿರುಗದೆಯೇ ಹಿಂದಕ್ಕೆ ಚಾಚಿದ. ಅದು ಒದ್ದೆಯಾಗಿತ್ತು, ಮಳೆಯ ಒದ್ದೆಯಲ್ಲ. ಅವಳು ಅದನ್ನು ತೆಗೆದುಕೊಂಡು ತೋಳಿನ ಮೇಲೆ ಹಾಕಿಕೊಂಡಳು, ಚೀಲದಿಂದ ಟವೆಲು ತೆಗೆದು ಅವನ ಕೈಗಿಟ್ಟಳು. ತೆಗೆದುಕೊಂಡ. ಅವಳು ಮೇಲಿನ ದಾರಿಗೆ ಮುಖ ಮಾಡಿ, ಅವನಿಗೆ ಬೆನ್ನು ಕೊಟ್ಟು, ಕಿರಿದಾದ ದಾರಿಗೆ ಅಡ್ಡವಾಗಿ ನಿಂತಳು.

ಹಿಂದೆ ಒಂದು ಹನಿಯೂ ಬೀಳಲಿಲ್ಲ. ಮೇಲೆ ಎಲ್ಲೋ ಆಗಸ್ಟಿನ್ ಹಾಡಲು ಶುರುಮಾಡಿದ್ದ, ಹೆಂಗಸರು ದನಿಗೂಡಿಸುತ್ತಿದ್ದರು. ಹಾಡು ತಿರುವು ತಿರುವಾಗಿ ಕೆಳಗಿಳಿಯುತ್ತಿತ್ತು.

"ಬಾ ಅಂದ್ರೆ ಬರಲ್ಲ, ಬೇಡ ಅಂದ್ರೆ ನಿಲ್ಲಲ್ಲ. ದರಿದ್ರದ್ದು," ಎಂದು ಅವನು ಗೊಣಗಿದ. ದನಿಯಲ್ಲಿ ಅಳುವಿತ್ತೋ ಸಿಟ್ಟಿತ್ತೋ.

"ಅವಸರ ಇಲ್ಲ ಮಾಮ."

ಹೇಳಿಯಾದ ಮೇಲೆ ಆ ಮಾತು ಏನೆಂದು ತಿಳಿದು ಅವಳ ಕಿವಿ ಬಿಸಿಯಾಯಿತು. ಅವಸರ ಇಲ್ಲ. ಈ ಲೋಕದಲ್ಲಿ ಯಾರು ಬೇಕಾದರೂ ಅವನಿಗೆ ಹೇಳಬಹುದಾಗಿದ್ದ, ಅವಳೊಬ್ಬಳು ಹೇಳಬಾರದಾಗಿದ್ದ ಮಾತು. ಹಾಡು ಇನ್ನೊಂದು ತಿರುವು ಇಳಿಯಿತು. ಆಮೇಲೆ ಒಂದು ಕೈ ತಡವರಿಸುತ್ತ ಬಂದು ಅವಳ ಭುಜವನ್ನು ಹುಡುಕಿತು. ಮೊದಲು ಬೆರಳುಗಳು, ನಂತರ ಅಂಗೈ, ಕಡೆಗೆ ಮೈಯ ಪೂರ್ತಿ ಭಾರ. ಅವಳು ಬೇರಿಗೆ ಕಾಲೊತ್ತಿ ಗಟ್ಟಿಯಾದಳು.

"ಅವಸರ ಇಲ್ಲ ಅಂದ್ಯಲ್ಲ," ಎಂದ ಕಾಕೋ ಮಾಮ, ಅವಳ ಕಿವಿಯ ಹತ್ತಿರ, ಮೆತ್ತಗೆ. "ಹಾಗಾದ್ರೆ ನಿಂತಿರು."

ಮೇಲಿನ ತಿರುವಿನಲ್ಲಿ ಮೊದಲ ನೀಲಿ ಅಂಗಿ ಕಾಣಿಸಿತು. "ಅಲ್ಲೇ ನಿಲ್ಲಿ!" ಎಂದಳು ವರ್ನೆಟ್. ಹಾಡು ನಿಂತಿತು. ಎಲ್ಲರೂ ಅವಳನ್ನೇ ನೋಡಿದರು. ನೋಡಲಿ ಎಂದು ಅವಳೂ ಅವರನ್ನೇ ನೋಡುತ್ತ ನಿಂತಳು. ಬಹಳ ಹೊತ್ತಾದ ಮೇಲೆ ಹಿಂದೆ ಉದುರಿದ ಎಲೆಯ ಮೇಲೆ ಒಂದು ಹನಿ ಬಿತ್ತು, ನಿಂತಿತು, ಮತ್ತೊಂದು ಬಿತ್ತು. ಭುಜದ ಮೇಲಿನ ಕೈ ಹಗುರಾಗಲಿಲ್ಲ. ಅವಳು ಅಲುಗಲಿಲ್ಲ.